ಹಳೆಯ ಮೋಟಾರು ಸೈಕಲಿನ ಪರೀಕ್ಷೆ

ಯಂತ್ರಶಾಸ್ತ್ರವು ನಮ್ಮ ವಿಷಯವಲ್ಲ. ಆದರೂ ಕಳೆದ ತಿಂಗಳು ನಮ್ಮ ಸೋದರಳಿಯನು ಹಳೆಯದೊಂದು ಯೆಜ್ಡಿ ಮೋಟಾರು ಸೈಕಲನ್ನು ಕೊಳ್ಳುವೆನೆಂದು ನಮ್ಮನ್ನು ಜತೆಗೆ ಕರೆದೊಯ್ದುದರಿಂದ, ಅಲ್ಲಿ ಕಂಡುದನ್ನು ವಾಚಕ ಮಹಾಶಯರಿಗೆ ಅರಿಕೆಮಾಡುವುದು ಯುಕ್ತವೆಂದು ತೋರಿತು. ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಎರಡು ವರ್ಷ ದುಡಿದು ಕೂಡಿಟ್ಟ ಹಣವನ್ನೆಲ್ಲ ಹುಡುಗನು ಇದಕ್ಕೆ ಸುರಿಯತಕ್ಕವನಾಗಿದ್ದನು. ನಮ್ಮ ತಂಗಿಗೆ ಇದು ಸರ್ವಥಾ ಸಮ್ಮತವಿರಲಿಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ೧೯೬೧ರಿಂದ ಜಾವಾ ಎಂಬ ಹೆಸರಿನಲ್ಲಿಯೂ ಬಳಿಕ ೧೯೭೩ರಿಂದ ಯೆಜ್ಡಿ ಎಂಬ ಹೆಸರಿನಲ್ಲಿಯೂ ವಾಹನಗಳನ್ನು ತಯಾರಿಸಿ, ೧೯೯೬ರಲ್ಲಿ ಮುಚ್ಚಿಹೋಯಿತು. ಆದುದರಿಂದ ಅಲ್ಲಿ ಹುಟ್ಟಿದ ಅತಿ ಕಿರಿಯ ವಾಹನಕ್ಕೂ ಈಗ ಮೂವತ್ತು ವರ್ಷದ ಸಮೀಪದ ಪ್ರಾಯ. ೨೦೨೨ರಲ್ಲಿ ಅದೇ ಹೆಸರಿನಿಂದ ಹೊರಬಂದವು ಫೋರ್ ಸ್ಟ್ರೋಕ್ ಜಾತಿಯವು. ಅವುಗಳ ವಿಚಾರ ಇಲ್ಲಿಲ್ಲ.

ಹಿಂದೊಮ್ಮೆ ನಾವೇ ಹಳೆಯ ಸ್ಕೂಟರೊಂದನ್ನು ಕೊಂಡು ಮೋಸಹೋದವರು. ನಾವು ತಲುಪುವ ಮೊದಲೇ ಮಾರುವವನು ಅದನ್ನು ಬಿಸಿಮಾಡಿ ಇಟ್ಟಿದ್ದನು. ಮರುದಿನ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಇಪ್ಪತ್ತು ಸಲ ಒದ್ದರೂ ಅದು ಏಳಲಿಲ್ಲ. ಅಂದಿನಿಂದ ನಾವು ಮೊದಲು ಮಾಡುವ ಕೆಲಸ, ಸಿಲಿಂಡರಿನ ರೆಕ್ಕೆಗಳನ್ನು ಕೈಯಿಂದ ಮುಟ್ಟಿ ನೋಡುವುದು. ಅವು ತಣ್ಣಗಿರತಕ್ಕದ್ದು. ಬಿಸಿಯಾಗಿದ್ದರೆ ನಾಳೆ ಬರುವೆವೆಂದು ಹೇಳಿ ಹಿಂದಿರುಗಬೇಕು.

ಈ ಯೆಜ್ಡಿ ತಣ್ಣಗಿತ್ತು; ಮೂರನೆಯ ಒದೆತಕ್ಕೆ ಎದ್ದಿತು; ಹೊಗೆಯನ್ನೂ ಧಾರಾಳವಾಗಿ ಕಾರಿತು. “ಮಾವಾ, ಟೂ ಸ್ಟ್ರೋಕ್ ಅಲ್ಲವೇ, ಹೊಗೆ ಇದ್ದೇ ಇರುತ್ತದೆ” ಎಂದನು ಅಳಿಯ. ಮಾತು ಸುಳ್ಳಲ್ಲ. ಪರ್ವತದ ಹೊಗೆಯಿಂದ ಬೆಂಕಿಯನ್ನು ಊಹಿಸುವ ತರ್ಕವನ್ನು ನಾವು ಎಷ್ಟೋ ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದವರು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು, ಅದಕ್ಕೆ ಹಸಿ ಕಟ್ಟಿಗೆಯೆಂಬ ಉಪಾಧಿ ಬೇಕು. ಇಲ್ಲಿಯೂ ಉಪಾಧಿಯನ್ನೇ ಹುಡುಕಬೇಕಾಯಿತು. ಪೆಟ್ರೋಲಿಗೆ ಎಣ್ಣೆ ಬೆರೆಸುವ ಯಂತ್ರವಾದುದರಿಂದ ತಣ್ಣಗಿರುವಾಗ ಕೊಂಚ ಹೊಗೆ ಸಹಜ. ಬೆರಕೆಯಲ್ಲಿ ಎಣ್ಣೆ ಹೆಚ್ಚಾದರೂ ಹೊಗೆ ಹೆಚ್ಚುತ್ತದೆ. ಆದರೆ ಯಂತ್ರವು ಚೆನ್ನಾಗಿ ಕಾದ ಮೇಲೆಯೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ, ಈ ಜಾತಿಯ ಪ್ರಸಿದ್ಧ ರೋಗವನ್ನು ಶಂಕಿಸಬೇಕು: ಕ್ರ್ಯಾಂಕಿನ ಎಡಬದಿಯ ಆಯಿಲ್ ಸೀಲು ಸವೆದು, ಗೇರು ಪೆಟ್ಟಿಗೆಯ ಎಣ್ಣೆಯು ಎಂಜಿನಿನೊಳಕ್ಕೆ ಸೆಳೆಯಲ್ಪಟ್ಟು ಉರಿಯುತ್ತಿದೆಯೆಂದು. ನಿಶ್ಚಯ ಮಾಡಿಕೊಳ್ಳಲು ಗೇರು ಪೆಟ್ಟಿಗೆಯ ಎಣ್ಣೆಯ ಮಟ್ಟವನ್ನು ನೋಡಬೇಕು. ಹೊರಗೆ ಎಲ್ಲಿಯೂ ಸೋರದೆ ಒಳಗೆ ಎಣ್ಣೆ ಇಳಿದಿದ್ದರೆ ಅನುಮಾನ ದೃಢವಾಯಿತು. ಇಲ್ಲಿ ಇಳಿದಿತ್ತು.

ಬಲಬದಿಯ ಸೀಲು ಕೆಟ್ಟರೆ ಹೊಗೆ ಕಾಣದು. ಆದರೆ ಅದರ ದೋಷವೇ ಹೆಚ್ಚು ಕ್ರೂರ. ಹೊರಗಿನ ಗಾಳಿ ಒಳಹೊಕ್ಕು, ಬೆರಕೆ ತೆಳುವಾಗಿ, ಯಂತ್ರ ಅತಿಯಾಗಿ ಕಾದು ಪಿಸ್ಟನ್ನು ಕಚ್ಚಿಕೊಳ್ಳಬಹುದು. ನಿಂತಲ್ಲಿಯೇ ಓಡಿಸಿದಾಗ ವೇಗ ತಾನಾಗಿ ಏರುತ್ತಿಳಿಯುತ್ತಿದ್ದರೆ ಸಂಶಯಪಡಬೇಕು. ಬಾವುಟಗುಡ್ಡದ ಏರಿನಲ್ಲಿ ಒಮ್ಮೆ ಹತ್ತಿಸಿ, ಭಾರ ಬಿದ್ದಾಗ ಕೆಳಗಿನಿಂದ ಗಡಗಡ ಸದ್ದು ಬರುವುದೇ ಎಂದು ಕಿವಿಗೊಡುವುದು ಇನ್ನೊಂದು ಉಪಾಯ. ಆ ಸದ್ದು ಕನೆಕ್ಟಿಂಗ್ ರಾಡಿನದಾದರೆ ಎಂಜಿನನ್ನು ಪೂರ್ತಿ ಬಿಚ್ಚದೆ ಗತಿಯಿಲ್ಲ. ನಮ್ಮೂರಿನ ಮಳೆ, ಉಪ್ಪುಗಾಳಿಗಳಿಗೆ ಸಿಕ್ಕಿದ ವಾಹನವಾದರೆ ಪೆಟ್ರೋಲು ಟ್ಯಾಂಕಿನ ಒಳಗಣ ತುಕ್ಕನ್ನೂ ನೋಡತಕ್ಕದ್ದು.

ಕಾಗದಪತ್ರಗಳ ವಿಷಯ ಸಂಕ್ಷೇಪ. ಎಂಜಿನಿನ ಮತ್ತು ಚೌಕಟ್ಟಿನ ಸಂಖ್ಯೆಗಳು ನೋಂದಣಿ ಪತ್ರಕ್ಕೆ ಸರಿಹೊಂದಬೇಕು. ೧೫ ವರ್ಷ ಮೀರಿದ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಿರಬೇಕು. ೨೯ ಮತ್ತು ೩೦ನೆಯ ನಮೂನೆಗಳಿಗೆ ಮಾರುವವನ ರುಜು ಪಡೆಯದೆ ಹಣ ಕೊಡಬಾರದು.

ಸೀಲಿನ ಬೆಲೆ ಅಲ್ಪ, ಬಿಚ್ಚುವ ಕೂಲಿ ಅಧಿಕ. ಮಾರುವವರು ಸಭ್ಯರು, ಎಣ್ಣೆಯ ಮಟ್ಟವನ್ನು ತೋರಿಸಿದೊಡನೆ ವಾದಿಸದೆ ರಿಪೇರಿಯ ಮೊತ್ತವನ್ನು ಕ್ರಯದಲ್ಲಿ ಬಿಟ್ಟರು. ಮುಂದಿನ ವಾರ ಮೆಕ್ಯಾನಿಕನು ಕಳಚಿದಾಗ ಸೀಲಿನ ರಬ್ಬರು ಒಣಗಿದ ಗೋಟಡಕೆಯಂತೆ ಗಟ್ಟಿಯಾಗಿತ್ತು. ಅಳಿಯನು ಅದನ್ನು ಕಾಗದದಲ್ಲಿ ಸುತ್ತಿ ತಂದು ನಮ್ಮ ಮೇಜಿನ ಮೇಲಿಟ್ಟಿದ್ದಾನೆ. ತಂಗಿಯು ಇನ್ನೂ ಆ ವಾಹನದ ಮೇಲೆ ಕೂರಲು ಒಪ್ಪಿಲ್ಲ.