ಗಣಕಯಂತ್ರಕ್ಕೂ ಹಲ್ಲು ನೋಡಬೇಕು

ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಲೆಂದು ಬೈಲಹೊಂಗಲದ ಕಡೆಯ ರೈತರೊಬ್ಬರು ಬೆಳಗಾವಿಗೋ ಹುಬ್ಬಳ್ಳಿಗೋ ಹೋದರೆ, ಅಂಗಡಿಯವರು ಮೊದಲು ಆಡುವುದು ವೇಗದ ಮಾತು. ಇಷ್ಟು ಗಿಗಾಹರ್ಟ್ಸ್, ಇಷ್ಟು ಜಿ.ಬಿ., ಆಟಕ್ಕೆಂದೇ ಬೇರೆ ಚಿಪ್ಪು. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ರೈತರ ಪ್ರಶ್ನೆ ಒಂದೇ: "ಅದೆಲ್ಲಾ ಇರ್ಲಿ ಸಾವಕಾರ್ರ, ನಾಕೈದ ವರ್ಷ ಬಾಳಿಕಿ ಬರತೈತೇನ್ರಿ?" ಪಕ್ಕದಲ್ಲಿ ನಿಂತ ಮಗಳಿಗೆ ನಾಚಿಕೆ. ಆದರೆ ಆ ಹೊತ್ತು ಅಲ್ಲಿ ಆಡಿದ ಮಾತುಗಳಲ್ಲಿ ತೂಕದ್ದು ಅದೊಂದೇ.

ಕಲಿತ ಮೇಲೆ ಗಣಕಯಂತ್ರದಿಂದಲೇ ದುಡಿಯಬೇಕೆನ್ನುವವರಿಗೆ ವೇಗ ಎರಡನೆಯ ವಿಚಾರ. ಲಗ್ನದ ಹಂಗಾಮಿನಲ್ಲಿ ಪತ್ರಿಕೆ ಛಾಪಿಸುವ ಡಿ.ಟಿ.ಪಿ. ಅಂಗಡಿಯಿರಲಿ, ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಡತಿ ಅಂಗಡಿಯಿರಲಿ, ಉತಾರ ತೆಗೆದುಕೊಡುವ ಆನ್‌ಲೈನ್ ಸೆಂಟರ್ ಇರಲಿ, ಯಂತ್ರ ಎರಡು ದಿನ ಮುಷ್ಕರ ಹೂಡಿದರೆ ಗಿರಾಕಿ ಎದುರಿನ ಅಂಗಡಿಯ ಪಾಲು.

ದನದ ಪೇಟೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡದೆ ಯಾರೂ ರೊಕ್ಕ ಬಿಚ್ಚುವುದಿಲ್ಲ. ಗಣಕಯಂತ್ರದ ಹಲ್ಲೆಂದರೆ, ಅದನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕಂಪನಿ ಎಂದಿನವರೆಗೆ ಭದ್ರತೆಯ ದುರಸ್ತಿ ಕೊಡುತ್ತದೆ ಎಂಬ ತಾರೀಖು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ಅದು 2014ರ ಏಪ್ರಿಲ್ 8ಕ್ಕೆ ಮುಗಿಯಿತು. 2015ರ ವಿಂಡೋಸ್ 10ಕ್ಕೆ ಸಾಮಾನ್ಯ ದುರಸ್ತಿ ನಿಂತದ್ದು 2025ರ ಅಕ್ಟೋಬರ್ 14ರಂದು. ವಿಂಡೋಸ್ 11 ನಿಯಮದಂತೆ ನಡೆಯಲು ಟಿ.ಪಿ.ಎಂ. 2.0 ಎಂಬ ಭದ್ರತಾ ಸೌಲಭ್ಯ ಬೇಕು. ಇಂಟೆಲ್ ಆದರೆ ಎಂಟನೆಯ ಪೀಳಿಗೆಯ ಅಥವಾ ಆಮೇಲಿನ ಸಂಸ್ಕಾರಕ ಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಒಂದು ಸಂಗತಿಯನ್ನು ಕಾಗದದ ಮೇಲೆ ಬರೆದುಕೊಂಡೇ ಹೋಗುವುದು ಒಳ್ಳೆಯದು.

ಸೆಕೆಂಡ್ ಹ್ಯಾಂಡ್ ಎಂದಾಕ್ಷಣ ಮೂಗು ಮುರಿಯಬೇಕಿಲ್ಲ. ದೊಡ್ಡ ಕಂಪನಿಗಳು ಕೆಲವು ವರ್ಷ ಬಳಸಿ ಮಾರುವ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಜಾತಿಯ ಲ್ಯಾಪ್‌ಟಾಪುಗಳನ್ನು ಕಚೇರಿಯ ದುಡಿಮೆಗೆಂದೇ ಕಟ್ಟಿರುತ್ತಾರೆ. ಅವುಗಳ ದುರಸ್ತಿ ಕೈಪಿಡಿಯನ್ನು ತಯಾರಕರೇ ಪ್ರಕಟಿಸುತ್ತಾರೆ, ಬಿಡಿಭಾಗ ಸಿಗುತ್ತವೆ. ಅದೇ ಬೆಲೆಯ ಹೊಸ ಥಳಕಿನ ಮಾದರಿಗಿಂತ ಇಂಥದ್ದೇ ಮೇಲಾಗುವುದು ಹಲವು ಸಲ. ಬ್ಯಾಟರಿ ಮಾತ್ರ ಸವೆದಿರುತ್ತದೆ. ಅದರ ಬೆಲೆಯನ್ನೂ ಕೂಡಿಸಿ ಚೌಕಾಶಿ ಮಾಡಬೇಕು.

ನಮ್ಮ ಊರುಗಳ ಶತ್ರುಗಳು ಎರಡು: ಧೂಳು ಮತ್ತು ಹೇಳದೆ ಕೇಳದೆ ಹೋಗುವ ಕರೆಂಟು. ಹತ್ತಿಯ ಹಿಂಜು ಹಾರಾಡುವಲ್ಲಿ ಯಂತ್ರದ ಗಾಳಿಕಂಡಿ ಬೇಗ ಕಟ್ಟುತ್ತದೆ, ಕಾವು ಏರುತ್ತದೆ, ಯಂತ್ರ ಕುಂಟುತ್ತದೆ. ಆಗಾಗ ಸ್ವಚ್ಛ ಮಾಡಿಸಿದರೆ ಸಾಕು. ತಟ್ಟೆ ತಿರುಗುವ ಹಳೆಯ ಹಾರ್ಡ್‌ಡಿಸ್ಕಿನ ಬದಲು ಚಲಿಸುವ ಭಾಗವೇ ಇಲ್ಲದ ಎಸ್‌.ಎಸ್‌.ಡಿ. ಹಾಕಿಸಿದರೆ ಹಳೆಯ ಯಂತ್ರಕ್ಕೂ ಹರೆಯ ಬಂದಂತೆ. ಡೆಸ್ಕ್‌ಟಾಪಿಗೆ ಯು.ಪಿ.ಎಸ್. ಬೇಕೇ ಬೇಕು, ಎರಡು ಮೂರು ವರ್ಷಕ್ಕೊಮ್ಮೆ ಅದರ ಬ್ಯಾಟರಿಯ ಖರ್ಚು ಲೆಕ್ಕದಲ್ಲಿರಲಿ.

ಇಷ್ಟೆಲ್ಲ ಯಂತ್ರದ ಮಾತಾಯಿತು. ಕನ್ನಡದಲ್ಲಿ ದುಡಿಯುವವರು ಹೆಚ್ಚು ಪೆಟ್ಟು ತಿಂದದ್ದು ತಂತ್ರಾಂಶದಿಂದ.

1985ರಲ್ಲಿ ಆಲ್ಡಸ್ ಕಂಪನಿ ತಂದ ಪೇಜ್‌ಮೇಕರ್ 1994ರಲ್ಲಿ ಅಡೋಬಿಯ ಕೈಸೇರಿತು. ಅದರ ಕೊನೆಯ ಆವೃತ್ತಿ ಏಳನೆಯದು, ಬಂದದ್ದು 2001ರಲ್ಲಿ. ಕನ್ನಡ ಡಿ.ಟಿ.ಪಿ.ಯ ಒಂದು ತಲೆಮಾರು ಅದರಲ್ಲೇ ಕೈ ಪಳಗಿಸಿಕೊಂಡಿತು. ಜೊತೆಗೆ ಶ್ರೀಲಿಪಿ, ಬರಹ, ನುಡಿ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು. ಇವುಗಳಲ್ಲಿ ಕನ್ನಡ ಅಕ್ಷರ ಕನ್ನಡವಾಗಿ ಉಳಿಯುವುದಿಲ್ಲ. ಇಂಗ್ಲಿಷ್ ಮತ್ತಿತರ ಯುರೋಪಿನ ಅಕ್ಷರಗಳ ಸ್ಥಾನದಲ್ಲಿ ಬಾಡಿಗೆಗೆ ಕೂರುತ್ತದೆ. ನುಡಿಯ ಹಳೆಯ ಶೈಲಿಯಲ್ಲಿ 'ಕ' ಬರೆದರೆ ಕಡತದಲ್ಲಿ ಉಳಿಯುವುದು ಇಂಗ್ಲಿಷಿನ ದೊಡ್ಡ 'ಪಿ', ತಲೆಕಟ್ಟಿಗೆ ಮತ್ತೊಂದು ಗುರುತು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಯಾವ ದೇಶದ್ದೂ ಅಲ್ಲದ ಭಾಷೆ. ಶ್ರೀಲಿಪಿಯ ಸಂಕೇತ ಬೇರೆ, ನುಡಿಯದು ಬೇರೆ. 2012ರ ಸಿ.ಎಸ್. 6 ಆವೃತ್ತಿಯ ನಂತರದ ಇನ್‌ಡಿಸೈನ್ ಪೇಜ್‌ಮೇಕರ್ ಕಡತವನ್ನು ತೆರೆಯುವುದೂ ಇಲ್ಲ. ಹೀಗಾಗಿ ಇಪ್ಪತ್ತು ವರ್ಷ ಊರಿನ ಜಾತ್ರೆಯ ಹ್ಯಾಂಡ್‌ಬಿಲ್ಲು, ಸ್ಮರಣ ಸಂಚಿಕೆ ಟೈಪಿಸಿದವರೂ ಆ ಒಂದು ಹಳೆಯ ಯಂತ್ರವನ್ನು ಕೂಸಿನಂತೆ ಜೋಪಾನ ಮಾಡಬೇಕಾಗುತ್ತದೆ.

ವಿಚಿತ್ರವೆಂದರೆ ಮದ್ದು ಅಂದೇ ಇತ್ತು. ಯುನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡಕ್ಕೆ ಅದರಲ್ಲಿ ಸ್ವಂತ ಮನೆಯಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಯುನಿಕೋಡ್ ಅಕ್ಷರಶೈಲಿಯೂ ಬಂತು. ಆದರೆ ಪೇಜ್‌ಮೇಕರಿಗೆ ಯುನಿಕೋಡ್ ಕನ್ನಡ ಬಾರದು, ಮುದ್ರಣಾಲಯಗಳು ಪೇಜ್‌ಮೇಕರ್ ಬಿಡಲಿಲ್ಲ.

ಇಂದು ಕಲಿಯುವವರಿಗೆ ಆ ಹಂಗಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲೇ ಯುನಿಕೋಡ್ ಟೈಪಿಸಬಹುದು, ಬೆರಳಿನ ಅಭ್ಯಾಸ ಕೆಡುವುದಿಲ್ಲ. ತರಬೇತಿ ಕೇಂದ್ರಕ್ಕೆ ಶುಲ್ಕ ಕಟ್ಟುವ ಮುನ್ನ ಪಾಲಕರು ಕೇಳಬೇಕಾದ ಪ್ರಶ್ನೆ ಇದು: ಕಲಿಸುವ ಕನ್ನಡ ಯುನಿಕೋಡೋ ಹಳೆಯದೋ? ಪತ್ರವ್ಯವಹಾರಕ್ಕೆ ಲಿಬ್ರೆಆಫೀಸ್ ಉಚಿತ. ಅದು ಬಳಸುವ ಓ.ಡಿ.ಎಫ್. ಕಡತರೂಪ 2006ರಿಂದ ಅಂತರರಾಷ್ಟ್ರೀಯ ಮಾನಕ, ಒಂದೇ ಕಂಪನಿಯ ಸೊತ್ತಲ್ಲ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಐದು ವರ್ಷ ಉಚಿತ ದುರಸ್ತಿ ಸಿಗುತ್ತದೆ. ಆದರೆ ಟ್ಯಾಲಿ, ಆಟೋಕ್ಯಾಡ್ ನೆಚ್ಚಿದವರಿಗೆ ವಿಂಡೋಸೇ ಅನುಕೂಲ. ಅದು ಸಿದ್ಧಾಂತದ ಜಗಳವಾಗಬೇಕಿಲ್ಲ, ಕೆಲಸ ನೋಡಿ ಆರಿಸಿದರಾಯಿತು. ಕದ್ದ ತಂತ್ರಾಂಶ ಮಾತ್ರ ಬೇಡ. ಬೀಗ ಒಡೆದು ಕೊಟ್ಟವರು ಬೀಗದ ಜೊತೆ ಇನ್ನೇನು ತುರುಕಿದ್ದಾರೋ ಬಲ್ಲವರಿಲ್ಲ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗಗಳಿಗೆ ನೀರು ನುಗ್ಗಿದ್ದು ಇಲ್ಲಿನವರಿಗೆ ಮರೆತಿಲ್ಲ. ಅಂಥ ದಿನ ಯಂತ್ರವೂ ಅದೇ ಕಪಾಟಿನಲ್ಲಿಟ್ಟ ನಕಲು ಡಿಸ್ಕೂ ಒಟ್ಟಿಗೇ ಮುಳುಗುತ್ತವೆ. ಆದ್ದರಿಂದ ದುಡಿಮೆಯ ಕಡತಗಳ ಮೂರು ಪ್ರತಿಗಳಿರಲಿ, ಒಂದು ಬೇರೆ ಊರಿನಲ್ಲಿರಲಿ. ಸವದತ್ತಿಯ ಅಂಗಡಿಯವರಿಗೆ ಧಾರವಾಡದ ಬೀಗರ ಮನೆಯೂ ಆದೀತು.

ಹಳೆಯ ಕಡತಗಳಿದ್ದವರು ಬಿಡುವಿನ ತಿಂಗಳಲ್ಲಿ ಅವನ್ನು ಪರಿವರ್ತಕ ತಂತ್ರಾಂಶದಿಂದ ಯುನಿಕೋಡಿಗೆ ತಂದುಕೊಳ್ಳಬಹುದು. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಅಂಕಿ, ನಡುವೆ ಬಂದ ಇಂಗ್ಲಿಷ್ ಪದಗಳನ್ನು ಕಣ್ಣಿಟ್ಟು ನೋಡಬೇಕು. ಇಂಗ್ಲಿಷಿನಲ್ಲಿದ್ದ ಮಿಂಚಂಚೆ ವಿಳಾಸವೂ ಅರ್ಥವಿಲ್ಲದ ಕನ್ನಡವಾಗಿ ಬಿಡುವುದುಂಟು. ತಾಳೆ ನೋಡಿ ಮುಗಿಯುವವರೆಗೆ ಮೂಲ ಕಡತವನ್ನು ಅಳಿಸಕೂಡದು.