ನಾಯಿ ಇದೆ, ಎಚ್ಚರಿಕೆ!

ಬಹಳ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸಿನ ಕೆಲಸ ಅನ್ನೋದು ಅರ್ಧ ನಿಜ, ಉಳಿದರ್ಧ ಸೋಮಾರಿತನ. ಆದರೆ ಹೋದ ತಿಂಗಳು ಊರಿಗೆ ಹೋದಾಗ ನಡೆದದ್ದೊಂದು ತಲೆಯಿಂದ ಹೋಗ್ತಾನೇ ಇಲ್ಲ. ಅದಕ್ಕೇ ಬರೀತಾ ಇದ್ದೀನಿ.

ನಮ್ಮೂರು ಭದ್ರಾವತಿ. ಸೋದರಮಾವನ ಮನೆ ಶಿವಮೊಗ್ಗದಲ್ಲಿ. ಮಧ್ಯೆ ಹೆಚ್ಚಂದ್ರೆ 20 ಕಿಲೋಮೀಟರ್. ಅವತ್ತು ನಮ್ಮನೇಲಿ ಸತ್ಯನಾರಾಯಣ ಪೂಜೆ. ಮಾವ, ಅತ್ತೆ, ಮಕ್ಕಳು ಎಲ್ಲ ಬೆಳಿಗ್ಗೇನೇ ಬಂದಿದ್ರು. ಅವರ ಮನೇಲಿ ಉಳಿದದ್ದು ಮೂರು ಜೀವ. ಹಿಂದಿನ ವರಾಂಡದಲ್ಲಿ ಚೈನು ಹಾಕಿ ಕಟ್ಟಿದ್ದ ನಾಯಿ ರಾಜ, ಹಾಲ್‌ನಲ್ಲಿ ಪಂಜರದೊಳಗಿನ ಎರಡು ಲವ್‌ಬರ್ಡ್ಸ್. ವರಾಂಡದ ಗ್ರಿಲ್‌ಗೂ ಬೀಗ, ಮುಂದಿನ ಬಾಗಿಲಿಗೂ ಬೀಗ.

ಊಟಕ್ಕೆ ಎಲೆ ಹಾಕಿದ್ದಷ್ಟೇ, ಮಾವನ ಫೋನು ಹೊಡ್ಕೊಳ್ತು. ಪಕ್ಕದ ಮನೆಯವರು. "ಸಾರ್, ನಿಮ್ಮನೆ ಕಿಟಕೀಲಿ ಹೊಗೆ ಬರ್ತಾ ಇದೆ, ನಾಯಿ ಒಂದೇ ಸಮ ಕಿರುಚ್ತಾ ಇದೆ. ಬೀಗದ ಕೈ ಎಲ್ಲಿಟ್ಟಿದೀರಿ?"

ಬೀಗದ ಕೈ ಮಾವನ ಜೇಬಲ್ಲಿತ್ತು. ಭದ್ರಾವತಿಯಲ್ಲಿ.

ದಿವಾನದ ಮೇಲೆ ಬಿಟ್ಟು ಬಂದಿದ್ದ ಎಕ್ಸ್‌ಟೆನ್ಷನ್ ಬೋರ್ಡು ಕಾದು ಹಾಸಿಗೆಗೆ ಹತ್ತಿಕೊಂಡಿತ್ತು. ದೊಡ್ಡ ಉರಿ ಏನಲ್ಲ, ಒಳಗೊಳಗೇ ಸುಟ್ಟು ಮನೆ ತುಂಬ ಕಪ್ಪು ಹೊಗೆ. ಪಕ್ಕದ ಮನೆ ಹುಡುಗರು ಮೊದಲು ಮೀಟರ್ ಹತ್ರ ಮೇನ್ ಸ್ವಿಚ್ ಆಫ್ ಮಾಡಿ, ಕಲ್ಲಿನಿಂದ ಗ್ರಿಲ್ ಬೀಗ ಒಡೆದು ರಾಜನನ್ನ ಹೊರಗೆ ಎಳೆದರು. ಚೈನಿನ ಕೊಕ್ಕೆ ತುಕ್ಕು ಹಿಡಿದಿತ್ತಂತೆ, ಅದನ್ನ ಬಿಡಿಸೋಕೇ ಒಂದೆರಡು ನಿಮಿಷ ಬೇಕಾಯ್ತು. ರಾಜ ಉಳಿದ. ಹಕ್ಕಿಗಳು ಉಳೀಲಿಲ್ಲ. ಒಂದು ಪುಕ್ಕವೂ ಸುಟ್ಟಿರಲಿಲ್ಲ. ಪಂಜರದ ತಳದಲ್ಲಿ ಸುಮ್ಮನೆ ಮಲಗಿದ ಹಾಗಿದ್ದವು. "ಬೆಂಕಿ ತಾಗೇ ಇಲ್ವಲ್ಲ, ಮತ್ತೆ ಯಾಕೆ ಸತ್ತೋದ್ವು?" ಅಂತ ಮಾವನ ಚಿಕ್ಕ ಮಗಳು ಕೇಳಿದಳು. ಯಾರ ಹತ್ರಾನೂ ಉತ್ತರ ಇರಲಿಲ್ಲ.

ಉತ್ತರ ಆಮೇಲೆ ಹುಡುಕಿಕೊಂಡೆ. ಮನೆ ಬೆಂಕಿಯಲ್ಲಿ ಸಾಮಾನ್ಯವಾಗಿ ಕೊಲ್ಲೋದು ಉರಿ ಅಲ್ಲ, ಹೊಗೆ. ಅದರಲ್ಲಿರೋ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡ್ಕೊಂಡು ಕೂತುಬಿಡುತ್ತೆ. ಹಕ್ಕಿಗಳಿಗೆ ಇದು ಎಲ್ಲರಿಗಿಂತ ಮೊದಲು ತಟ್ಟುತ್ತೆ. ಇದು ಗೊತ್ತಿದ್ದೇ ಬ್ರಿಟನ್ನಿನ ಕಲ್ಲಿದ್ದಲು ಗಣಿಯವರು ಕ್ಯಾನರಿ ಹಕ್ಕಿಯನ್ನ ಜತೆಗೆ ಒಯ್ಯುತ್ತಿದ್ದದ್ದು. ಹಕ್ಕಿ ತೂಕಡಿಸಿದರೆ ಮನುಷ್ಯ ಹೊರಗೆ ಓಡಬೇಕು! 1986ರಲ್ಲಿ ಅದನ್ನ ಬಿಟ್ಟು ಯಂತ್ರ ತರೋ ತೀರ್ಮಾನ ಆಯ್ತು. ಅಡುಗೆ ಗ್ಯಾಸ್ ಮಾತ್ರ ಉಲ್ಟಾ. ಅದು ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ನಿಲ್ಲುತ್ತೆ. ನಮ್ಮ ನಾಯಿ ಬೆಕ್ಕುಗಳು ಮಲಗೋದೂ ನೆಲದ ಮೇಲೇ.

ನನ್ನನ್ನ ಕಾಡಿದ್ದು ಈ ವಿಜ್ಞಾನಕ್ಕಿಂತ ಹೆಚ್ಚಾಗಿ ಇನ್ನೊಂದು ವಿಷಯ. ಬೆಂಕಿ ಕಂಡರೆ ಓಡಬೇಕು ಅನ್ನೋದು ಪ್ರಾಣಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಓಡದ ಹಾಗೆ ಮಾಡಿದ್ದು ನಾವು. ಚೈನು ನಮ್ಮದು, ಪಂಜರ ನಮ್ಮದು, ಬೀಗ ನಮ್ಮದು. ಹಾಗಿದ್ದ ಮೇಲೆ ಬಿಡಿಸೋ ಜವಾಬ್ದಾರಿಯೂ ನಮ್ಮದೇ ತಾನೆ?

ನಮ್ಮ ಆಫೀಸಿನಲ್ಲಿ ಆಗಾಗ ಫೈರ್ ಡ್ರಿಲ್ ಮಾಡಿಸ್ತಾರೆ. ಸೈರನ್ ಕೂಗಿದ ತಕ್ಷಣ ಕಾಫಿ ಕಪ್ ಹಿಡ್ಕೊಂಡೇ ಮೆಟ್ಟಿಲಿಳಿದು ಹೋಗ್ತೀವಿ, ಕೆಳಗೆ ತಲೆ ಎಣಿಸ್ತಾರೆ. ಎಲ್ಲರೂ ನಗ್ತಾನೇ ಮಾಡೋ ಕೆಲಸ ಅದು. ಆದರೆ ಅದರಲ್ಲಿರೋ ಬುದ್ಧಿ ಆ ಎಣಿಕೆಯಲ್ಲೇ ಇದೆ. ಯಾರು ಒಳಗಿದ್ದಾರೆ ಅನ್ನೋದು ಹೊರಗಿರೋರಿಗೆ ಗೊತ್ತಿರಬೇಕು. ಮನೇಲಿ ನಾವು ಯಾವತ್ತಾದ್ರೂ ತಲೆ ಎಣಿಸ್ತೀವಾ? ಎಣಿಸಿದರೂ ನಾಯಿ ಬೆಕ್ಕು ಲೆಕ್ಕಕ್ಕೆ ಬರ್ತವಾ?

ಇದನ್ನ ಹೇಳಿದ್ರೆ ಮಾವ, "ಮನುಷ್ಯರಿಗೇ ಇಲ್ಲ ಕಣೋ, ನಾಯಿಗೆಲ್ಲಿಂದ ತರೋಣ" ಅಂದ್ರು. ನ್ಯಾಯವಾದ ಮಾತೇ. ಆದರೆ ನಾನು ಹೇಳ್ತಿರೋದಕ್ಕೆ ಕಾಸು ಖರ್ಚಿಲ್ಲ. ಅದೂ ಅಲ್ಲದೆ ಇದು ನಮ್ಮ ಕಡೆಯವರಿಗೆ ಹೊಸದೂ ಅಲ್ಲ. ಬಡತನ ಹೇಳೋಕೆ ಒಲೆಯಲ್ಲಿ ಬೆಕ್ಕು ಮಲಗಿದೆ ಅಂತಾರಲ್ಲ, ನಮ್ಮಜ್ಜಿ ಮನೇಲಿ ಅದು ಗಾದೆ ಅಲ್ಲ, ನಿಜವಾಗ್ಲೂ ಮಲಗ್ತಿತ್ತು. ಬಚ್ಚಲ ಒಲೆಯ ಬೆಚ್ಚಗಿನ ಬೂದಿಯಲ್ಲಿ. ಅಜ್ಜಿ ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕೋ ಮುಂಚೆ ಕೋಲಿನಿಂದ ಒಲೆಯನ್ನ ಎರಡು ಸಲ ಕುಟ್ಟೋರು. ಮೈಯೆಲ್ಲ ಬೂದಿ ಮಾಡ್ಕೊಂಡು ಬೆಕ್ಕು ಎದ್ದು ಬರೋದು. ಕೊಟ್ಟಿಗೆಯಲ್ಲಿ ಸೊಳ್ಳೆಗೆ ಹೊಗೆ ಹಾಕಿದ ದಿನ ಕೆಂಡ ಆರೋ ತನಕ ಅಲ್ಲಿಂದ ಕದಲ್ತಿರಲಿಲ್ಲ, ಯಾಕಂದ್ರೆ ಅಟ್ಟದ ತುಂಬ ಒಣಹುಲ್ಲು. ದನದ ಹಗ್ಗಕ್ಕೂ ಒಂದೇ ಎಳೆತಕ್ಕೆ ಬಿಚ್ಚೋ ಗಂಟು. ಇಂಜಿನಿಯರಿಂಗ್ ಓದಿದ ನನಗೆ ಎಕ್ಸ್‌ಟೆನ್ಷನ್ ಬೋರ್ಡಿನ ಬಗ್ಗೆ ಇಲ್ಲದ ಎಚ್ಚರ ಶಾಲೆಗೇ ಹೋಗದ ಅಜ್ಜಿಗೆ ಕೆಂಡದ ಬಗ್ಗೆ ಇತ್ತು.

ಬೆಂಕಿಯೂ ಈಗ ವೇಷ ಬದಲಾಯಿಸಿದೆ. 2024ರಲ್ಲಿ ಅಮೆರಿಕದ ಟಲ್ಸಾ ಊರಿನಲ್ಲಿ ನಾಯಿಯೊಂದು ಪವರ್ ಬ್ಯಾಂಕ್ ಕಚ್ಚಿ ಮನೆಗೇ ಬೆಂಕಿ ಹತ್ತಿದ ವೀಡಿಯೋವನ್ನ ಅಲ್ಲಿನ ಅಗ್ನಿಶಾಮಕ ದಳವೇ ಹೊರಗೆ ಬಿಟ್ಟಿತ್ತು. ಬಾಗಿಲಲ್ಲಿ ನಾಯಿ ಓಡಾಡೋಕೆ ಒಂದು ಪುಟ್ಟ ಬಾಗಿಲು ಇದ್ದಿದ್ದಕ್ಕೆ ಆ ಮನೆಯ ಪ್ರಾಣಿಗಳು ಬದುಕಿದವು. ನೋಡಿ, ಅಲ್ಲೂ ಉಳಿಸಿದ್ದು ಹೊರಗೆ ಹೋಗೋ ದಾರಿ.

ಆ ಘಟನೆ ಆದ ಮೇಲೆ ನಮ್ಮೆರಡು ಮನೇಲಿ ಮಾಡ್ಕೊಂಡಿದ್ದು ಇಷ್ಟು:

೧. ಮನೆಯಲ್ಲಿ ಯಾರೂ ಇಲ್ಲದಾಗ ನಾಯಿಗೆ ಚೈನು ಹಾಕಲ್ಲ. ಕಾಂಪೌಂಡಿನೊಳಗೆ ನೆರಳಿರೋ ಕಡೆ ಬಿಟ್ಟು ಹೋಗೋದು. ಹಕ್ಕಿ ಸಾಕಿದರೆ ಪಂಜರ ಬಾಗಿಲ ಹತ್ತಿರ, ಎತ್ತಿಕೊಂಡು ಓಡೋ ಹಾಗೆ.

೨. ಒಂದು ಬೀಗದ ಕೈ ಪಕ್ಕದ ಮನೇಲಿ. ಜತೆಗೆ ಒಳಗೆ ಯಾರ್ಯಾರಿದ್ದಾರೆ ಅಂತ ಒಂದು ಮಾತು.

೩. ಹೊರಡುವಾಗ ಗ್ಯಾಸ್ ರೆಗ್ಯುಲೇಟರ್, ಚಾರ್ಜರು, ದೇವರ ದೀಪ, ಸೊಳ್ಳೆ ಬತ್ತಿ ಎಲ್ಲ ಆಫ್. ದೀಪದ ಹತ್ತಿರ ಬೆಕ್ಕಿನ ಬಾಲ ಸುಳಿದರೆ ಸಾಕು, ಎಣ್ಣೆ ಸಮೇತ ಕೆಳಗೆ!

೪. ಬೆಂಕಿ ಬಿದ್ದರೆ 101 ಅಥವಾ 112. ಫೋನಿನಲ್ಲೇ "ಒಳಗೆ ನಾಯಿ ಇದೆ" ಅಂತ ಹೇಳೋದು. ಹೆದರಿದ ಬೆಕ್ಕು ಕರೆದರೆ ಬರಲ್ಲ, ಮಂಚದ ಕೆಳಗೋ ಬೀರು ಹಿಂದೋ ಸೇರ್ಕೊಳ್ಳುತ್ತೆ. ಅದನ್ನೂ ಹೇಳಬೇಕು. ಉರಿಯೋ ಮನೆಯೊಳಗೆ ನಾವೇ ನುಗ್ಗೋದು ಮಾತ್ರ ಬೇಡವೇ ಬೇಡ.

೫. ಸುಟ್ಟ ಗಾಯಕ್ಕೆ ತಣ್ಣೀರು. ತುಪ್ಪ, ಪೇಸ್ಟು, ಐಸು ಬೇಡ. ನಮ್ಮ ಜ್ವರದ ಮಾತ್ರೆ ಅಂತೂ ಕೊಡಲೇಬಾರದು, ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಹೊಗೆ ಕುಡಿದ ಪ್ರಾಣಿ ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಕೆಲವು ಗಂಟೆ ಬಿಟ್ಟು ಹದಗೆಡಬಹುದು. ತಕ್ಷಣ ಪಶುವೈದ್ಯರ ಹತ್ತಿರ ಒಯ್ಯಬೇಕು. ರಾಜನನ್ನೂ ಆವತ್ತೇ ಕರ್ಕೊಂಡು ಹೋಗಿದ್ದೆವು. ನಾಲ್ಕು ದಿನ ಕೆಮ್ಮಿದ.

ಇನ್ನೊಂದು ಇದೆ. ಮಾವನ ಗೇಟಿನ ಮೇಲೆ ಎಲ್ಲರ ಮನೇಲಿರೋ ಹಾಗೆ 'ನಾಯಿ ಇದೆ, ಎಚ್ಚರಿಕೆ' ಅಂತ ಬೋರ್ಡು ಇತ್ತು. ಅದನ್ನ ನಾವು ಬರೆಸೋದು ಕಳ್ಳರು ಓದಲಿ ಅಂತ. ಈಗ ಅದರ ಕೆಳಗೆ ಮಾವನ ಮಗಳು ಸ್ಕೆಚ್ ಪೆನ್ನಲ್ಲಿ ಒಂದು ಕಾಗದ ಬರೆದು ಅಂಟಿಸಿದ್ದಾಳೆ. "ಒಳಗೆ ಒಂದು ನಾಯಿ. ಹೆಸರು ರಾಜ. ಬೆಂಕಿ ಬಿದ್ರೆ ಬಿಡಿಸಿ." ಕೆಳಗೆ ಮಾವನ ಫೋನ್ ನಂಬರು. ಹಕ್ಕಿಗಳ ಸಾಲು ಬರೆಯೋಕೆ ಅವಳಿಗೆ ಇನ್ನು ಅವಕಾಶ ಇಲ್ಲ.

ನಿಮ್ಮನೇಲಿ ಯಾರ್ಯಾರಿದ್ದಾರೆ? ಅವರ ಬೀಗದ ಕೈ ಈಗ ಎಲ್ಲಿದೆ? ಒಂದು ಸಲ ಎದ್ದು ನೋಡಿ ಬಂದು, ಆಮೇಲೆ ಕಾಮೆಂಟಿಸಿ :)