ಕದಲಿಸಿದರೆ ಮುನಿಯುವ ಪಿಯೋನಿ

ಚೀನಾದಲ್ಲಿ ಒಂದು ಐತಿಹ್ಯವಿದೆ. ಕ್ರಿ.ಶ. 690ರಲ್ಲಿ ಪಟ್ಟವೇರಿದ ಸಾಮ್ರಾಜ್ಞಿ ವು ಜೆಟಿಯನ್ ಚಳಿಗಾಲದ ಒಂದು ದಿನ ಅರಮನೆಯ ತೋಟಕ್ಕೆ ಬಂದು, ಬೆಳಗಾಗುವುದರೊಳಗೆ ಎಲ್ಲ ಗಿಡಗಳೂ ಹೂ ಬಿಟ್ಟಿರಬೇಕೆಂದು ಅಪ್ಪಣೆ ಮಾಡಿದಳಂತೆ. ಹೆದರಿದ ಗಿಡಗಳೆಲ್ಲ ಅರಳಿ ನಿಂತವು. ಪಿಯೋನಿ ಮಾತ್ರ ಒಂದು ಮೊಗ್ಗನ್ನೂ ತೋರಲಿಲ್ಲ. ಸಿಟ್ಟಾದ ರಾಣಿ ಅದನ್ನು ಬೇರುಸಹಿತ ಕೀಳಿಸಿ ಲುವೊಯಾಂಗ್ ನಗರಕ್ಕೆ ಗಡೀಪಾರು ಮಾಡಿಸಿದಳು. ವಸಂತ ಬಂದಾಗ ಅಲ್ಲಿ ಅದು ಸೊಗಸಾಗಿ ಅರಳಿತು. ಇಂದಿಗೂ ಲುವೊಯಾಂಗ್ ಪಿಯೋನಿ ಹೂವಿಗೆ ಹೆಸರುವಾಸಿ. ಪ್ರತಿ ಏಪ್ರಿಲ್‌ನಲ್ಲಿ ಅಲ್ಲಿ ಹೂವಿನ ಹಬ್ಬ ನಡೆಯುತ್ತದೆ.

ಇದು ಕಟ್ಟುಕಥೆಯೇ ಇರಬಹುದು. ಆದರೆ ಪಿಯೋನಿಯ ಎರಡು ಮುಖ್ಯ ಗುಣಗಳು ಇದರಲ್ಲಿ ಅಡಗಿವೆ. ಚಳಿಗಾಲದ ವಿಶ್ರಾಂತಿ ಮುಗಿಯದೆ ಅದು ಯಾರ ಅಪ್ಪಣೆಗೂ ಹೂ ಬಿಡದು. ಗಿಡ ಮಲಗಿರುವಾಗ ಕಿತ್ತು ನೆಟ್ಟರೆ ಹೊಸ ನೆಲದಲ್ಲೂ ಬದುಕಿಕೊಳ್ಳುತ್ತದೆ.

ಪಿಯೋನಿ ನಮ್ಮ ಊರುಗಳ ಗಿಡವಲ್ಲ. ಚೀನಾ, ಜಪಾನ್, ಯುರೋಪ್ ಮತ್ತು ಉತ್ತರ ಅಮೆರಿಕದ ಚಳಿ ಪ್ರದೇಶಗಳ ಮನೆಯಂಗಳದಲ್ಲಿ ಇದು ಬಹು ಹಿಂದಿನಿಂದ ಬೆಳೆದು ಬಂದಿದೆ. ಅಮೆರಿಕದ ಇಂಡಿಯಾನಾ ರಾಜ್ಯ 1957ರಲ್ಲಿ ಇದನ್ನು ರಾಜ್ಯಪುಷ್ಪವೆಂದು ಸಾರಿತು. ಗ್ರೀಕ್ ಪುರಾಣದಲ್ಲಿ ದೇವತೆಗಳ ವೈದ್ಯನಾದ ಪಿಯಾನ್‌ನಿಂದ ಇದಕ್ಕೆ ಹೆಸರು ಬಂತು. ಸಸ್ಯಶಾಸ್ತ್ರದಲ್ಲಿ ಇದರದು ಒಂಟಿ ಮನೆತನ: ಇಡೀ ಕುಟುಂಬಕ್ಕೆ ‘ಪಿಯೋನಿಯಾ’ ಎಂಬ ಒಂದೇ ಕುಲ, ಅದರಲ್ಲಿ ಮೂವತ್ತಕ್ಕೂ ಹೆಚ್ಚು ಪ್ರಭೇದಗಳು. ತೋಟಗಾರರ ಲೆಕ್ಕದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಚಳಿಗಾಲದಲ್ಲಿ ನೆಲದ ಮೇಲಿನ ಭಾಗವೆಲ್ಲ ಒಣಗಿ, ವಸಂತದಲ್ಲಿ ಮತ್ತೆ ಚಿಗುರುವ ಮೂಲಿಕೆ ಪಿಯೋನಿ. ಇನ್ನೊಂದು, ಎಲೆ ಉದುರಿದರೂ ಕಟ್ಟಿಗೆಯ ಕಾಂಡ ಉಳಿಯುವ ಮರ ಪಿಯೋನಿ. ಲುವೊಯಾಂಗ್‌ನ ಕಥೆಯ ಹೂ ಈ ಎರಡನೆಯದು. ಮನೆಯಂಗಳದಲ್ಲಿ ಹೆಚ್ಚಾಗಿ ಕಾಣುವುದು ಮೊದಲನೆಯದು.

ಮಕ್ಕಳು ವಿದೇಶದಲ್ಲಿರುವ ಅನೇಕ ತಂದೆತಾಯಂದಿರಿಗೆ ಈ ಹೂವಿನ ಪರಿಚಯ ಇಂದು ಹೊಸದಲ್ಲ. ಅಮೆರಿಕದ ಚಳಿ ರಾಜ್ಯಗಳಿಗೆ ಮೇ, ಜೂನ್ ತಿಂಗಳಲ್ಲಿ ಹೋದವರು ಅಂಗೈಗಿಂತ ದೊಡ್ಡದಾದ, ಪದರ ಪದರವಾದ ಗುಲಾಬಿ, ಬಿಳಿ, ಕೆಂಪು ಹೂಗಳನ್ನು ಬೇಲಿಯ ಪಕ್ಕದಲ್ಲಿ ನೋಡಿರುತ್ತಾರೆ. ಹಿಂದಿರುಗುವಾಗ ಒಂದು ತುಂಡು ಬೇರನ್ನು ಪೆಟ್ಟಿಗೆಯಲ್ಲಿಟ್ಟು ತರುವ ಆಸೆ ಸಹಜ. ಆದರೆ ಎರಡು ಕಾರಣಗಳಿಗಾಗಿ ಅದು ಬೇಡ. ಮೊದಲನೆಯದು ಕಾನೂನು. ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಹೊರದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ನೆಡುವ ಗಡ್ಡೆ, ಬೇರುಗಳನ್ನು ತರುವಂತಿಲ್ಲ. ಅಂಟಿಕೊಂಡ ಚಿಟಿಕೆ ಮಣ್ಣಿನಲ್ಲಿ ಬರುವ ರೋಗ ನಮ್ಮ ಹೊಲ ತೋಟಗಳನ್ನು ಹೊಗಬಾರದೆಂಬುದೇ ಇದರ ಉದ್ದೇಶ.

ಎರಡನೆಯ ಕಾರಣ ಗಿಡದ ಸ್ವಭಾವ. ಪಿಯೋನಿಯ ಮೊಗ್ಗು ಎಚ್ಚರಗೊಳ್ಳಬೇಕಾದರೆ ಸುಮಾರು 4–5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕಡಿಮೆಯ ಚಳಿ ಹಲವು ವಾರಗಳ ಕಾಲ ತಾಕಬೇಕು. ಆ ಚಳಿಯೇ ಗಿಡಕ್ಕೆ ಗಡಿಯಾರ. ಸಾಕಷ್ಟು ಚಳಿ ಕಳೆದಿದೆ, ಇನ್ನು ಚಿಗುರಿದರೆ ಹಿಮಕ್ಕೆ ಸಿಕ್ಕಿ ಸಾಯುವುದಿಲ್ಲ ಎಂಬುದು ಅದಕ್ಕೆ ತಿಳಿಯುವುದು ಹೀಗೆ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ; ಅದೂ 1884ರ ಜನವರಿಯಲ್ಲಿ. ಇಂಥ ಕಡೆ ನೆಟ್ಟ ಪಿಯೋನಿ ಗಡಿಯಾರವಿಲ್ಲದೆ ಕಾಯುತ್ತಲೇ ಇರುತ್ತದೆ. ಒಂದೆರಡು ವರ್ಷ ನಾಲ್ಕು ಎಲೆ ಬಿಟ್ಟು, ಬೇರಿನ ಸಂಗ್ರಹ ಮುಗಿದ ಮೇಲೆ ಸೊರಗುತ್ತದೆ. ಒಳ್ಳೆಯ ಸೇಬು ಹಿಮಾಚಲ, ಕಾಶ್ಮೀರಗಳಿಂದ ಬರುವುದರ ಹಿಂದೆಯೂ ಇದೇ ಚಳಿಯ ಲೆಕ್ಕವಿದೆ.

ಚಳಿಯಿರುವ ಊರಿನಲ್ಲಿ ಪಿಯೋನಿ ಬೆಳೆಸುವುದು ಕಷ್ಟವಲ್ಲ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು, ನೀರು ನಿಲ್ಲದ ಮಣ್ಣು, ಗಿಡದಿಂದ ಗಿಡಕ್ಕೆ ಮೂರು ಅಡಿ ಅಂತರ, ಇಷ್ಟಿದ್ದರೆ ಸಾಕು. ದೊಡ್ಡ ಮರದ ಬುಡ ಬೇಡ. ಮರದ ಬೇರು ನೀರು, ಗೊಬ್ಬರಗಳನ್ನು ಕಸಿಯುತ್ತದೆ. ಒಮ್ಮೆ ನೆಲೆಯೂರಿದ ಗಿಡ ಐವತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಅದೇ ಜಾಗದಲ್ಲಿ ಹೂ ಕೊಡುತ್ತದೆ. ಅಜ್ಜಿ ನೆಟ್ಟದ್ದನ್ನು ಮೊಮ್ಮಗಳು ಕೊಯ್ಯಬಹುದು.

ಹಾಗಿದ್ದರೂ ಜಾಗ ಬದಲಿಸುವ ಸಂದರ್ಭ ಬರುತ್ತದೆ. ಮನೆ ಮಾರಬೇಕಾಗಬಹುದು, ನೆರಳು ಹೆಚ್ಚಿರಬಹುದು. ಆಗ ಮೊದಲು ನೋಡಬೇಕಾದ್ದು ಕಾಲ. ವಸಂತದಲ್ಲಿ ಗಿಡ ತನ್ನ ಕೂಡಿಟ್ಟ ಆಹಾರವನ್ನೆಲ್ಲ ಎಲೆ, ಹೂಗಳಿಗೆ ಸುರಿದಿರುತ್ತದೆ. ಆಗ ಬೇರು ಕಡಿದರೆ ಚೇತರಿಸಿಕೊಳ್ಳಲು ಬಲವಿರುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಎಲೆಗಳು ತಮ್ಮ ಕೆಲಸ ಮುಗಿಸಿ ಆಹಾರವನ್ನು ದಪ್ಪ ಬೇರುಗಳಿಗೆ ಇಳಿಸಿರುತ್ತವೆ. ಮುಂದಿನ ವರ್ಷದ ಮೊಗ್ಗುಗಳೂ ಬುಡದಲ್ಲಿ ಮೂಡಿರುತ್ತವೆ. ನೆಲ ಹೆಪ್ಪುಗಟ್ಟುವ ಮುನ್ನ ಸಣ್ಣ ಬೇರುಗಳನ್ನು ಬಿಡಲು ಸಮಯವೂ ಸಿಗುತ್ತದೆ.

ಕಾಂಡಗಳನ್ನು ನಾಲ್ಕಾರು ಅಂಗುಲ ಉಳಿಸಿ ಕತ್ತರಿಸಬೇಕು. ಬುಡದಿಂದ ಒಂದಡಿ ದೂರದಲ್ಲಿ ಸುತ್ತಲೂ ಅಗೆದು, ಕೆಳಗಿನಿಂದ ಮೀಟಿ ಗಡ್ಡೆಯನ್ನು ಮೇಲೆತ್ತಬೇಕು. ಬೇರು ಕ್ಯಾರೆಟ್ಟಿನಂತೆ ಪಟ್ಟನೆ ಮುರಿಯುತ್ತದೆ. ಮಣ್ಣು ತೊಳೆದು ಒಂದೆರಡು ಗಂಟೆ ನೆರಳಿನಲ್ಲಿಟ್ಟರೆ ತುಸು ಬಾಗುವಂತಾಗುತ್ತದೆ. ಆಗ ಬುಡದಲ್ಲಿ ಕೆಂಪು ಛಾಯೆಯ ಕಣ್ಣುಗಳು ಕಾಣುತ್ತವೆ. ಆಲೂಗಡ್ಡೆಗೆ, ಕಬ್ಬಿಗೆ ಕಣ್ಣು ಇದ್ದಂತೆಯೇ ಇವು. ಹರಿತವಾದ, ಶುಚಿಯಾದ ಚಾಕುವಿನಿಂದ ಪ್ರತಿ ತುಂಡಿಗೂ ಮೂರರಿಂದ ಐದು ಕಣ್ಣು ಮತ್ತು ಒಳ್ಳೆಯ ಬೇರು ಬರುವಂತೆ ಭಾಗ ಮಾಡಬೇಕು.

ಹೆಚ್ಚಿನವರು ಎಡವುವುದು ಇನ್ನು ಮುಂದೆ. ಆಳವಾಗಿ ನೆಟ್ಟರೆ ಗಿಡ ಭದ್ರವೆಂದು ಭಾವಿಸುತ್ತಾರೆ. ಮೂಲಿಕೆ ಪಿಯೋನಿಯ ಕಣ್ಣು ಮಣ್ಣಿನಿಂದ ಒಂದರಿಂದ ಎರಡು ಅಂಗುಲ ಮಾತ್ರ ಕೆಳಗಿರಬೇಕು. ಹೆಚ್ಚು ಆಳದಲ್ಲಿದ್ದರೆ ಎಲೆ ದಟ್ಟವಾಗಿ ಬಂದರೂ ಹೂ ಬರುವುದಿಲ್ಲ. ಗುಂಡಿಯ ಸಡಿಲ ಮಣ್ಣು ಕುಸಿದು ಗಡ್ಡೆ ಕೆಳಗಿಳಿಯದಂತೆ ಮೊದಲೇ ತುಳಿದು ಗಟ್ಟಿ ಮಾಡಿರಬೇಕು. ಹಸಿ ಗೊಬ್ಬರ ಬೇರಿಗೆ ತಾಗಬಾರದು. ಕಸಿ ಮಾಡಿದ ಮರ ಪಿಯೋನಿಗೆ ಮಾತ್ರ ಲೆಕ್ಕ ಬೇರೆ. ಅದರ ಕಸಿಯ ಗಂಟು ನಾಲ್ಕಾರು ಅಂಗುಲ ಕೆಳಗೆ ಹೋಗಬೇಕು.

ಅಷ್ಟೆಲ್ಲ ಮಾಡಿದರೂ ಮೊದಲ ವಸಂತದಲ್ಲಿ ಹೂ ಕಾಣದಿರಬಹುದು. ಎರಡನೆಯ ವರ್ಷ ಒಂದೆರಡು, ಮೂರನೆಯ ಅಥವಾ ನಾಲ್ಕನೆಯ ವರ್ಷ ತುಂಬು ಹೂ. ಈ ನಡುವೆ ‘ಯಾಕೆ ಹೂ ಬಿಡಲಿಲ್ಲ’ ಎಂದು ಮತ್ತೆ ಕಿತ್ತು ಬೇರೆಡೆ ನೆಟ್ಟರೆ ಎಣಿಕೆ ಮೊದಲಿನಿಂದ ಶುರು. ಮೊಗ್ಗಿನ ಮೇಲೆ ಇರುವೆ ಹರಿದಾಡುವುದನ್ನು ಕಂಡು ಔಷಧಿ ಸಿಂಪಡಿಸುವವರೂ ಇದ್ದಾರೆ. ಇರುವೆ ಬರುವುದು ಮೊಗ್ಗಿನ ಹೊರ ಎಸಳುಗಳು ಸುರಿಸುವ ಸಿಹಿ ರಸಕ್ಕಾಗಿ. ಅದರಿಂದ ಹೂವಿಗೆ ಹಾನಿಯಿಲ್ಲ. ಇರುವೆ ಇಲ್ಲದಿದ್ದರೆ ಮೊಗ್ಗು ಬಿರಿಯದೆಂಬ ನಂಬಿಕೆಯೂ ನಿಜವಲ್ಲ.

ಭಾರತಕ್ಕೂ ತನ್ನದೇ ಒಂದು ಪಿಯೋನಿ ಇದೆ. ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳ ಕಾಡಿನಲ್ಲಿ ಬಿಳಿ ಹೂ ಬಿಡುವ ‘ಪಿಯೋನಿಯಾ ಎಮೋಡಿ’. ಯುನಾನಿ ವೈದ್ಯದಲ್ಲಿ ಇದರ ಬೇರಿಗೆ ಬೇಡಿಕೆಯಿದೆ. ಬೇರು ಕಿತ್ತರೆ ಇಡೀ ಗಿಡವೇ ಹೋಗುವುದರಿಂದ, ಅಲ್ಲಿಗೆ ಚಾರಣ ಹೋಗುವ ವಿದ್ಯಾರ್ಥಿಗಳು ಇದನ್ನು ನೋಡಿ ಬಂದರೆ ಸಾಕು.

ಮೂಲಿಕೆ ಮತ್ತು ಮರ ಪಿಯೋನಿಗಳ ಸಂಕರ ಸಾಧ್ಯವೇ ಇಲ್ಲವೆಂದು ತೋಟಗಾರರು ಬಹುಕಾಲ ತಿಳಿದಿದ್ದರು. ಜಪಾನಿನ ತೊಯಿಚಿ ಇಟೊ ಅನೇಕ ಸಲ ಸೋತ ಮೇಲೆ 1948ರಲ್ಲಿ ಅದನ್ನು ಸಾಧಿಸಿದರು. ಬೀಜ ಮೊಳೆತು ಸಸಿಗಳಾದವು. ಆದರೆ 1956ರಲ್ಲಿ ಅವರು ತೀರಿಕೊಂಡಾಗ ಒಂದು ಸಸಿಯೂ ಹೂ ಬಿಟ್ಟಿರಲಿಲ್ಲ. ಹಳದಿ ಹೂಗಳು ಅರಳಿದ್ದು ಕೆಲವು ವರ್ಷಗಳ ನಂತರ, ಬೇರೆಯವರ ಆರೈಕೆಯಲ್ಲಿ. ಈ ಬಗೆಯನ್ನು ಜಗತ್ತು ಇಂದು ‘ಇಟೊ ಪಿಯೋನಿ’ ಎಂದೇ ಕರೆಯುತ್ತದೆ.

ಪಿಯೋನಿ ಇಲ್ಲದಿದ್ದರೂ ಅದರ ಪಾಠವನ್ನು ಮನೆಯಲ್ಲೇ ಪರೀಕ್ಷಿಸಬಹುದು. ಮೊಳಕೆ ಕಾಣತೊಡಗಿದ ಆಲೂಗಡ್ಡೆಯೊಂದನ್ನು ಕಣ್ಣಿರುವ ತುಂಡು, ಕಣ್ಣಿಲ್ಲದ ತುಂಡು ಎಂದು ಕತ್ತರಿಸಿ, ಒಂದು ದಿನ ಗಾಳಿಗಿಟ್ಟು, ಎರಡು ಕುಂಡಗಳಲ್ಲಿ ನೆಡಿ. ಯಾವುದು ಚಿಗುರುತ್ತದೆಂದು ದಿನವೂ ಬರೆದಿಡಿ. ಒಂದೇ ಷರತ್ತು: ಏನಾಗಿದೆಯೆಂದು ನೋಡಲು ನಡುವೆ ಮಣ್ಣು ಕೆದಕಬಾರದು. ಈ ಷರತ್ತು ಮಕ್ಕಳಿಗಿಂತ ಹಿರಿಯರಿಗೇ ಕಷ್ಟವಾದರೂ ಆಶ್ಚರ್ಯವಿಲ್ಲ.